ನಲ್ಲಿ ಬಂತು, ಬಚ್ಚಲ ನೀರು ಎಲ್ಲಿಗೆ ಹೋಗಬೇಕು?

(ಗ್ರಾಮ ಪಂಚಾಯಿತಿ ಸದಸ್ಯರು, ಪಿಡಿಓಗಳು (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು) ಮತ್ತು ಊರಿಗೆ ನೀರು ಬಿಡುವ ನೀರುಗಂಟಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚೆ ಚರಂಡಿ ಬಗ್ಗೆ ಮಾತಾಡಿ ಅಂದಿದ್ದಾರೆ. ಇರಲಿ, ಲೆಕ್ಕದಿಂದ ಶುರು ಮಾಡುತ್ತೇನೆ. ವಾಸನೆ ಆಮೇಲೆ ಬರುತ್ತದೆ.

ಸಾವಿರ ಜನರ ಒಂದು ಊರು ಅಂತ ಇಟ್ಟುಕೊಳ್ಳಿ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ಅಂದರೆ ನಮ್ಮ ರಾಜ್ಯದ 'ಮನೆ ಮನೆಗೆ ಗಂಗೆ', ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕು ಅನ್ನುತ್ತದೆ. ಸಾವಿರ ಜನಕ್ಕೆ 55,000 ಲೀಟರ್ ಆಯಿತು. ಕುಡಿದದ್ದು, ಅಡುಗೆಗೆ ಹೋದದ್ದು, ದನಕ್ಕೆ ಇಟ್ಟದ್ದು ಕಳೆದರೂ ನೂರಕ್ಕೆ 70ರಿಂದ 80 ಭಾಗ ಬಳಸಿದ ನೀರಾಗಿ ಮನೆಯಿಂದ ಆಚೆ ಬರುತ್ತದೆ. ಸುಮಾರು 40,000 ಲೀಟರ್ ಅನ್ನಿ. 5,000 ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ ನಿಮಗೆ ಗೊತ್ತಲ್ಲ, ಅಂಥವು ಎಂಟು. ದಿನಾ ಬೆಳಗ್ಗೆ ಯಾರೋ ಎಂಟು ಟ್ಯಾಂಕರ್ ಕೊಳೆ ನೀರು ತಂದು ನಿಮ್ಮೂರ ನಡುಬೀದಿಗೆ ಬಿಟ್ಟರೆ ಸುಮ್ನಿರುತ್ತೀರಾ? ಅದೇ ನೀರು ಇನ್ನೂರು ಮನೆಯಿಂದ ಸಣ್ಣಗೆ ಹರಿದು ಬಂದರೆ ನಮಗೆ ಏನೂ ಅನ್ನಿಸುವುದಿಲ್ಲ.

ನೀರು ತರುವ ಯೋಜನೆಗೆ ಉದ್ಘಾಟನೆ ಇರುತ್ತದೆ, ಹಾರ ಇರುತ್ತದೆ. ನೀರು ಹೋಗುವ ಯೋಜನೆಗೆ ಯಾವ ಶಾಸಕರೂ ರಿಬ್ಬನ್ ಕತ್ತರಿಸಿದ್ದನ್ನು ನಾನು ನೋಡಿಲ್ಲ.

ಹಿಂದೆ ಹೇಗಿತ್ತು? ಬಾವಿಯಿಂದಲೋ ಬೋರಿನಿಂದಲೋ ಕೊಡ ಹೊತ್ತು ತರಬೇಕಿತ್ತು. ಹೊತ್ತವರು ಹೆಂಗಸರು. ಹಾಗಾಗಿ ಮನೆಯಲ್ಲಿ ನೀರು ಚೆಲ್ಲುವುದೇ ಕಡಿಮೆ. ಬಚ್ಚಲು ಮನೆಯ ಹಿಂದೆ ಇರುತ್ತಿತ್ತು. ಅದರ ಬಾಯಿಗೆ ಎರಡು ಬಾಳೆ, ಒಂದಿಷ್ಟು ಕೆಸು, ಮಲೆನಾಡು ಕರಾವಳಿಯ ಕಡೆ ಒಂದು ಬಸಳೆ ಚಪ್ಪರ. ಅಕ್ಕಿ ತೊಳೆದ ನೀರು, ಮುಸುರೆ ಎಲ್ಲ ಕಲಗಚ್ಚಿನ ಬಾನಿಗೆ ಹೋಗಿ ಎಮ್ಮೆ ಹೊಟ್ಟೆ ಸೇರುತ್ತಿತ್ತು. ಪಾತ್ರೆ ಉಜ್ಜುವುದು ಬೂದಿಯಲ್ಲಿ. ಇದನ್ನು ಯಾರೂ ತ್ಯಾಜ್ಯ ನೀರು ನಿರ್ವಹಣೆ ಅಂತ ಕರೆಯಲಿಲ್ಲ. ಆದರೆ ಅದೇ ಆಗಿತ್ತು.

ಹಳೆಯ ಕಾಲ ಚೆನ್ನಾಗಿತ್ತು ಅಂತ ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಬೆನ್ನು ಮುರಿಯುವಷ್ಟು ನೀರು ಹೊತ್ತವರನ್ನು ಕೇಳಿದರೆ ನಲ್ಲಿಯೇ ವಾಸಿ ಅನ್ನುತ್ತಾರೆ, ಅದು ಸರಿ. ನಾನು ಹೇಳುವುದು ಇಷ್ಟೇ: ನೀರು ಜಾಸ್ತಿ ಆಯಿತು, ಹಿತ್ತಲು ಚಿಕ್ಕದಾಯಿತು. ಅಣ್ಣತಮ್ಮಂದಿರು ಪಾಲಾದಾಗ ಹಿತ್ತಲಲ್ಲೇ ಇನ್ನೊಂದು ಮನೆ ಎದ್ದಿತು. ಬೀದಿಗೆ ಕಾಂಕ್ರೀಟ್ ಬಿತ್ತು. ನೀರು ಇಂಗುವ ಜಾಗ ಇಲ್ಲದಂತಾಗಿ, ಅದು ಹರಿಯತೊಡಗಿತು. ಹರಿಯುವ ನೀರು ಪಕ್ಕದ ಮನೆಯ ಬಾಗಿಲಿಗೆ ಹೋಗುತ್ತದೆ. ನಿಮ್ಮ ಪಂಚಾಯಿತಿಗೆ ಬರುವ ಜಗಳಗಳಲ್ಲಿ ಬಚ್ಚಲ ನೀರಿನ ಜಗಳ ಎಷ್ಟು ಅಂತ ಪಿಡಿಓಗಳಿಗೇ ಗೊತ್ತು.

ಆಗ ಎಲ್ಲರೂ ಕೇಳುವುದು ಒಂದೇ: ಚರಂಡಿ ಹಾಕಿಸಿ. ಕ್ರಿಯಾ ಯೋಜನೆಯಲ್ಲಿ ಚರಂಡಿ ಸೇರಿಸುವುದು ಸುಲಭ. ಮೀಟರ್ ಲೆಕ್ಕ ಇದೆ, ಎಂಬಿ (ಕಾಮಗಾರಿಯ ಅಳತೆ ಪುಸ್ತಕ) ಬರೆಯಬಹುದು, ಬಿಲ್ ಆಗುತ್ತದೆ. ಮೆಂಬರಿಗೂ ತೋರಿಸಲು ಒಂದು ಕೆಲಸ ಸಿಗುತ್ತದೆ. ಆದರೆ ಚರಂಡಿ ನೀರನ್ನು ಶುದ್ಧ ಮಾಡುವುದಿಲ್ಲ, ಜಾಗ ಬದಲಾಯಿಸುತ್ತದೆ. ನಿಮ್ಮೂರಿನ ಚರಂಡಿಯ ಕೊನೆ ಎಲ್ಲಿದೆ ಅಂತ ಒಮ್ಮೆ ನಡೆದುಕೊಂಡು ಹೋಗಿ ನೋಡಿ. ಹೆಚ್ಚಿನ ಊರುಗಳಲ್ಲಿ ಅದು ಕೆರೆಗೋ ಹಳ್ಳಕ್ಕೋ ಹೋಗುತ್ತದೆ. ಇಲ್ಲವೇ ಬಜೆಟ್ ಮುಗಿದ ಕಡೆ ಚರಂಡಿಯೂ ಮುಗಿಯುತ್ತದೆ. ನೀರು ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಮಾತು, ಹೇಳಲೇಬೇಕು. ನೀರು ತಗ್ಗಿಗೆ ಹರಿಯುತ್ತದೆ. ಎಷ್ಟೋ ಊರುಗಳಲ್ಲಿ ತಗ್ಗಿನಲ್ಲಿ ಇರುವುದು ದಲಿತರ ಕೇರಿ. ಮೇಲಿನ ಬೀದಿಯ ಕೊಳೆಯೆಲ್ಲ ಅವರ ಮನೆ ಮುಂದೆ ನಿಲ್ಲುತ್ತದೆ. ಆಮೇಲೆ ಚರಂಡಿ ಕಟ್ಟಿಕೊಂಡಾಗ ಸ್ವಚ್ಛ ಮಾಡಲು ಕರೆಯುವುದೂ ಅವರನ್ನೇ. ಇದನ್ನು ಇಂಜಿನಿಯರಿಂಗ್ ಸಮಸ್ಯೆ ಅಂತ ಮಾತ್ರ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಚಿಕ್ಕ ಊರಲ್ಲಿ ಬಳಸಿದ ನೀರನ್ನು ಆದಷ್ಟೂ ಹುಟ್ಟಿದ ಜಾಗದಲ್ಲೇ ಮುಗಿಸಬೇಕು. ಆಗದೆ ಉಳಿದ ನೀರಿಗೆ ಮಾತ್ರ ಚರಂಡಿ ಬೇಕು, ಅದನ್ನೂ ಕೊನೆಯಿಂದ ಯೋಚಿಸಬೇಕು. ನೀರು ಎಲ್ಲಿ ಮುಗಿಯುತ್ತದೆ, ಅಲ್ಲಿ ಯಾರು ಬಳಸುತ್ತಾರೆ ಅನ್ನುವುದು ತೀರ್ಮಾನವಾದ ಮೇಲೆ ಮೊದಲ ಮೀಟರ್ ಕಾಂಕ್ರೀಟ್ ಹಾಕಬೇಕು. ಈಗ ನಾವು ಮಾಡುತ್ತಿರುವುದು ತಿರುವು ಮುರುವು.

ಮೊದಲು ಮನೆಯಲ್ಲೇ ಮುಗಿಸುವ ವಿಚಾರ, ಅಂದರೆ ಬಚ್ಚಲು ಗುಂಡಿ. ಇಂಗುಗುಂಡಿ ಅನ್ನಿ, ಸೋಕ್ ಪಿಟ್ ಅನ್ನಿ. ಉದ್ಯೋಗ ಖಾತರಿಯಲ್ಲಿ ರಾಜ್ಯದ ತುಂಬ ಕಟ್ಟಿದ್ದೇವೆ. ಮಹಾರಾಷ್ಟ್ರದ ನಾಂದೇಡ್ ಜಿಲ್ಲೆಯಲ್ಲಿ ಇದನ್ನೇ ಮ್ಯಾಜಿಕ್ ಪಿಟ್ ಅಂತ ಕರೆದು, ಊರಿಗೆ ಊರೇ ಕಟ್ಟಿ, ತೆರೆದ ಚರಂಡಿಗಳನ್ನೇ ಇಲ್ಲವಾಗಿಸಿದ ಹಳ್ಳಿಗಳಿವೆ. ಆದರೆ ನಮ್ಮಲ್ಲಿ ಕೆಲವು ಗುಂಡಿಗಳು ಚೆನ್ನಾಗಿ ಕೆಲಸ ಮಾಡುತ್ತವೆ, ಕೆಲವು ಆರು ತಿಂಗಳಲ್ಲಿ ತುಂಬಿ ಉಕ್ಕುತ್ತವೆ. ಯಾಕೆ ಅನ್ನುವುದಕ್ಕೆ ಉತ್ತರ ಲೆಕ್ಕದಲ್ಲೇ ಇದೆ.

ಐದು ಜನರ ಮನೆ. ದಿನಕ್ಕೆ ಸುಮಾರು 200 ಲೀಟರ್ ಬಳಸಿದ ನೀರು. ನಾವು ತೋಡಿದ್ದು ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ಗುಂಡಿ. ತಳವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಬೇಗ ಕೆಸರು ಕಟ್ಟಿಕೊಳ್ಳುತ್ತದೆ. ಇಂಗುವುದು ಪಕ್ಕದ ನಾಲ್ಕು ಗೋಡೆಗಳಲ್ಲಿ. ಒಟ್ಟು 4 ಚದರ ಮೀಟರ್. ಮರಳು ಮಣ್ಣಾದರೆ ಒಂದು ಚದರ ಮೀಟರ್ ದಿನಕ್ಕೆ ಅಂದಾಜು 50 ಲೀಟರ್ ಕೊಳೆ ನೀರನ್ನು ಕುಡಿಯುತ್ತದೆ. ನಾಲ್ಕು ಐವತ್ತಲ ಇನ್ನೂರು, ಸರಿಹೋಯಿತು. ಗೋಡು ಮಿಶ್ರಿತ ಮಸಾರಿಯಾದರೆ 25 ಲೀಟರ್. ಆಗ ಗುಂಡಿ ಕುಡಿಯುವುದು ಬರೀ 100 ಲೀಟರ್, ಉಳಿದ 100 ಲೀಟರ್ ಬೀದಿಗೆ. ಜಿಗುಟು ಮಣ್ಣಾದರೆ 10 ಲೀಟರ್. ನಮ್ಮ ಉತ್ತರ ಕರ್ನಾಟಕದ ಎರೆ ಭೂಮಿಯಾದರೆ ಅದಕ್ಕಿಂತಲೂ ಕಡಿಮೆ, ಅಲ್ಲಿ ಗುಂಡಿ ಹಾಕುವುದೇ ದಂಡ.

ಮಸಾರಿ ಮಣ್ಣಿನವರು ಏನು ಮಾಡಬೇಕು? ಗುಂಡಿಯನ್ನು ಆಳ ಮಾಡುವುದಲ್ಲ, ಉದ್ದ ಮಾಡುವುದು. ನಾಲ್ಕು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಒಂದು ಮೀಟರ್ ಆಳದ ಕಾಲುವೆ ತೋಡಿ. ಮಣ್ಣು ತೆಗೆಯುವುದು ಎರಡು ಘನ ಮೀಟರ್, ಮೊದಲಿನ ಗುಂಡಿಯ ಎರಡರಷ್ಟು. ಆದರೆ ಗೋಡೆ ಸಿಗುವುದು 9 ಚದರ ಮೀಟರ್, ಎರಡರಷ್ಟಕ್ಕಿಂತ ಜಾಸ್ತಿ. 25 ಲೀಟರಿನ ಲೆಕ್ಕದಲ್ಲೂ ದಿನಕ್ಕೆ 225 ಲೀಟರ್ ಇಂಗುತ್ತದೆ. ಗೋಡೆಯ ಬದಿಗೆ ಉದ್ದಕ್ಕೆ ಹಾಕಿದರೆ ಹಿತ್ತಲಲ್ಲಿ ಜಾಗವೂ ಉಳಿಯುತ್ತದೆ. ಚಾಮರಾಜನಗರಕ್ಕೂ ಯಾದಗಿರಿಗೂ ಒಂದೇ ಅಳತೆಯ ಎಸ್ಟಿಮೇಟ್ ಹಿಡಿದು ಹೋಗುವುದರಲ್ಲಿ ಅರ್ಥವಿಲ್ಲ ಅನ್ನುವುದು ಇದಕ್ಕೇ.

ಮಣ್ಣು ಯಾವುದು ಅಂತ ತಿಳಿಯಲು ಲ್ಯಾಬಿಗೆ ಹೋಗಬೇಕಾಗಿಲ್ಲ. ಗುಂಡಿ ತೋಡುವ ಆಳಕ್ಕೆ ಒಂದು ಸಣ್ಣ ಕುಳಿ ತೆಗೆಯಿರಿ, ಅಡಿ ಅಗಲ ಸಾಕು. ಸಂಜೆ ನೀರು ತುಂಬಿಸಿ ರಾತ್ರಿಯಿಡೀ ನೆನೆಯಲು ಬಿಡಿ. ಬೆಳಗ್ಗೆ ಮತ್ತೆ ಒಂದು ಗೇಣು ನೀರು ಹಾಕಿ, ಒಂದು ಕಡ್ಡಿಗೆ ಗುರುತು ಮಾಡಿ ನಿಲ್ಲಿಸಿ, ಗಡಿಯಾರ ನೋಡಿಕೊಂಡು ಕುಳಿತುಕೊಳ್ಳಿ. ಅರ್ಧ ಗಂಟೆಯಲ್ಲಿ ಒಂದು ಇಂಚಾದರೂ ಇಳಿದರೆ ಗುಂಡಿ ಹಾಕಬಹುದು. ಒಂದು ಗಂಟೆ ಆದರೂ ಕಡ್ಡಿಯ ಗುರುತಲ್ಲೇ ನಿಂತಿದ್ದರೆ ಆ ಜಾಗ ಬಿಟ್ಟುಬಿಡಿ.

ರಾತ್ರಿ ನೆನೆಸುವುದು ಮುಖ್ಯ, ಎರೆ ಭೂಮಿಯಲ್ಲಂತೂ ಬಹಳ ಮುಖ್ಯ. ಬೇಸಿಗೆಯಲ್ಲಿ ಎರೆ ಹೊಲ ಕೈ ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ. ನೀರು ಸುರಿದರೆ ಗಟಗಟ ಕುಡಿದುಬಿಡುತ್ತದೆ. ನೋಡಿದವರು ಆಹಾ ಏನು ಚೆನ್ನಾಗಿ ಇಂಗುತ್ತದೆ ಅಂತ ಖುಷಿಪಟ್ಟು ಗುಂಡಿ ಹಾಕುತ್ತಾರೆ. ಮಣ್ಣು ನೆಂದ ಮೇಲೆ ಉಬ್ಬಿ, ಬಿರುಕೆಲ್ಲ ಮುಚ್ಚಿಕೊಂಡು, ನೀರು ಒಂದು ಹನಿಯೂ ಇಳಿಯುವುದಿಲ್ಲ. ಗುಂಡಿ ಹೋಗಿ ಸೊಳ್ಳೆ ತೊಟ್ಟಿ ಆಗುತ್ತದೆ.

ಕರಾವಳಿಯವರಿಗೆ ಇದರ ಉಲ್ಟಾ ಸಮಸ್ಯೆ. ಅಲ್ಲಿನ ಕೆಂಪು ಮುರಕಲ್ಲಿನಲ್ಲಿ ಸಂದು, ತೂತು, ಬಿಲ. ಅಲ್ಲಿ ನೀರು ಎಷ್ಟು ಬೇಗ ಇಂಗುತ್ತದೆಂದರೆ ಅದು ಶೋಧಿಸಿಕೊಳ್ಳುವುದಕ್ಕೆ ಸಮಯವೇ ಸಿಗುವುದಿಲ್ಲ. ಮನೆಗೊಂದು ತೆರೆದ ಬಾವಿ ಬೇರೆ. ಗುಂಡಿಯಿಂದ ಬಾವಿಗೆ ಹತ್ತು ಮೀಟರ್ ಅಂತರ ಬಿಡಿ ಅಂತ ಪುಸ್ತಕ ಹೇಳುತ್ತದೆ. ಮುರಕಲ್ಲಿನ ಊರಲ್ಲಿ ಅಷ್ಟು ಬಿಟ್ಟರೂ ಬಾವಿ ಸುರಕ್ಷಿತ ಅಂತ ನಾನು ಹೇಳಲಾರೆ. ಬಾವಿ ನೀರನ್ನು ವರ್ಷಕ್ಕೆರಡು ಸಲ ಪರೀಕ್ಷೆ ಮಾಡಿಸಿ, ಮಳೆ ಶುರುವಾದ ಮೇಲೆ ಒಂದು ಸಲ ತಪ್ಪದೆ. ಅಲ್ಲಿ ಗುಂಡಿಗಿಂತ ಬಾಳೆ, ತೆಂಗಿನ ಬುಡವೇ ಮೇಲು. ಮೇಲ್ಮಣ್ಣಿನಲ್ಲಿ ಬೇರು, ಎರೆಹುಳು, ಸೂಕ್ಷ್ಮಜೀವಿಗಳು ಇರುತ್ತವೆ. ಕೊಳೆ ತಿನ್ನುವುದು ಅವು, ಆಳದ ಕಲ್ಲಲ್ಲ.

ಇನ್ನು ಗುಂಡಿಯ ನಿರ್ವಹಣೆ. ತಳದಲ್ಲಿ ದಪ್ಪ ಕಲ್ಲು, ನಡುವೆ ಮಧ್ಯಮ ಗಾತ್ರದ್ದು, ಮೇಲೆ ಜಲ್ಲಿ, ಇದು ಗಾರೆಯವರಿಗೆಲ್ಲ ಗೊತ್ತು. ಅವರು ಮರೆಯುವುದು ಗುಂಡಿಗೆ ಮುಂಚಿನ ಪುಟ್ಟ ಚೇಂಬರ್. ಬಚ್ಚಲಿಂದ ಬರುವ ಕೂದಲು, ಸೋಪಿನ ಜಿಡ್ಡು, ಅನ್ನದ ಅಗುಳು, ಶಾಂಪೂ ಸ್ಯಾಷೆ ಎಲ್ಲ ಅಲ್ಲೇ ನಿಲ್ಲಬೇಕು. ವಾರಕ್ಕೊಮ್ಮೆ ಮುಚ್ಚಳ ತೆಗೆದು ಕೆಸರು ಎತ್ತಿ ತಿಪ್ಪೆಗೆ ಹಾಕಿದರೆ ಆಯಿತು, ಐದು ನಿಮಿಷದ ಕೆಲಸ. ಆ ಚೇಂಬರ್ ಇಲ್ಲದಿದ್ದರೆ ಜಿಡ್ಡು ನೇರ ಗುಂಡಿಗೆ ಹೋಗಿ, ಕಲ್ಲಿಗೆ, ಗೋಡೆಗೆ ಲೋಳೆಯಂತೆ ಅಂಟಿಕೊಂಡು ಮಣ್ಣಿನ ರಂಧ್ರ ಮುಚ್ಚಿಬಿಡುತ್ತದೆ. ಹಾಗಾದರೂ ಗುಂಡಿ ಸತ್ತಿತು ಅಂತ ಬಿಡಬೇಡಿ. ಕಲ್ಲು ಎತ್ತಿ, ತೊಳೆದು, ಬಿಸಿಲಿಗೆ ಹಾಕಿ, ಗೋಡೆಯನ್ನು ಸ್ವಲ್ಪ ಕೆರೆದು ಮತ್ತೆ ತುಂಬಿಸಿದರೆ ಜೀವ ಬರುತ್ತದೆ. ಕೊಟ್ಟಿಗೆ ತೊಳೆದ ನೀರನ್ನು ಮಾತ್ರ ಇದಕ್ಕೆ ಬಿಡಲೇಬೇಡಿ. ಸಗಣಿ ಬಿದ್ದರೆ ಎಂಥ ಗುಂಡಿಯೂ ಕಟ್ಟಿಕೊಳ್ಳುತ್ತದೆ. ಗಂಜಲ, ಸಗಣಿ ನೀರು ತಿಪ್ಪೆಗೇ ಹೋಗಲಿ, ಅಲ್ಲಿ ಅದು ಗೊಬ್ಬರ.

ನೀರುಗಂಟಿಗಳಿಗೆ ಒಂದು ಮಾತು. ಎಷ್ಟೋ ಮನೆ ನಲ್ಲಿಗೆ ತಿರುಪೇ ಇರುವುದಿಲ್ಲ. ನೀರು ಬಿಟ್ಟಷ್ಟು ಹೊತ್ತೂ ಹರಿಯುತ್ತದೆ. ನಿಮಿಷಕ್ಕೆ ಐದು ಲೀಟರ್ ಅಂದರೂ ಒಂದು ಗಂಟೆಗೆ 300 ಲೀಟರ್. ಬಚ್ಚಲು ಗುಂಡಿಯ ಇಡೀ ದಿನದ ತಾಕತ್ತು ಒಂದು ತಿರುಪಿಲ್ಲದ ನಲ್ಲಿಯಲ್ಲಿ ಮುಗಿದುಹೋಗುತ್ತದೆ. ನಿಮ್ಮೂರಿನ ತ್ಯಾಜ್ಯ ನೀರಿನ ಅತಿ ಅಗ್ಗದ ಪರಿಹಾರ ಒಂದು ಪ್ಲಾಸ್ಟಿಕ್ ಟ್ಯಾಪ್.

ಸೊಳ್ಳೆ ವಿಚಾರ ಬಂದಾಗ ಒಂದು ಸ್ಪಷ್ಟನೆ. ಬಚ್ಚಲು ಗುಂಡಿ ಮಾಡಿದರೆ ಡೆಂಗಿ ಹೋಗುತ್ತದೆ ಅಂತ ಕೆಲವರು ಭಾಷಣ ಮಾಡುತ್ತಾರೆ. ಹೋಗುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಸಾಮಾನ್ಯವಾಗಿ ಮನೆಯ ಡ್ರಮ್ಮು, ತೊಟ್ಟಿ, ಹಳೇ ಟೈರಿನ ತಿಳಿನೀರಲ್ಲಿ. ಕೊಳೆ ನೀರಲ್ಲಿ ಹುಟ್ಟುವುದು ಕ್ಯೂಲೆಕ್ಸ್. ಆನೆಕಾಲು ರೋಗ ಹರಡುವುದು ಅದು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ, ಮೂರು ಕರಾವಳಿ ಜಿಲ್ಲೆಗಳು, ಇವೆಲ್ಲ ಆ ರೋಗದ ಪಟ್ಟಿಯಲ್ಲಿದ್ದ ಜಿಲ್ಲೆಗಳು. ಚರಂಡಿ ನೀರು ನಿಲ್ಲದಂತೆ ಮಾಡಲು ಅಷ್ಟೇ ಕಾರಣ ಸಾಕು, ಇಲ್ಲದ್ದನ್ನು ಸೇರಿಸಬೇಕಾಗಿಲ್ಲ.

ಈಗ ಕಕ್ಕಸಿನ ಗುಂಡಿಗೆ ಬರೋಣ. ಇಲ್ಲಿಯವರೆಗೆ ಹೇಳಿದ್ದು ಬಚ್ಚಲು, ಅಡುಗೆಮನೆ ನೀರು. ಶೌಚಾಲಯದ ನೀರು ಬೇರೆ, ಅದನ್ನು ಬೇರೆಯಾಗಿಯೇ ಇಡಬೇಕು. ಎಲ್ಲ ಕೆಡುವುದು ಈ ಎರಡು ಸೇರಿದಾಗ.

2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಶುರುವಾಯಿತು. ಮನೆಗೆ 12,000 ರೂಪಾಯಿ ಕೊಟ್ಟರು. ಮಾದರಿ ಇದ್ದದ್ದು ಎರಡು ಗುಂಡಿಯ ಶೌಚಾಲಯ. ಒಂದು ಗುಂಡಿ ತುಂಬಿದಾಗ ಚೇಂಬರಿನಲ್ಲಿ ಅದರ ದಾರಿ ಮುಚ್ಚಿ ಇನ್ನೊಂದಕ್ಕೆ ತಿರುಗಿಸುವುದು. ಐದಾರು ಜನರ ಮನೆಗೆ ಒಂದು ಗುಂಡಿ ಕೆಲವು ವರ್ಷ ಬರುತ್ತದೆ. ತುಂಬಿದ ಗುಂಡಿಯನ್ನು ಮುಟ್ಟದೆ ಎರಡು ವರ್ಷ ಬಿಟ್ಟರೆ ಒಳಗಿನದು ಒಣಗಿ ಕಪ್ಪು ಮಣ್ಣಿನ ಹಾಗೆ ಉದುರುತ್ತದೆ, ವಾಸನೆ ಇರುವುದಿಲ್ಲ, ಹೊಲಕ್ಕೆ ಹಾಕಬಹುದು. ಇದಕ್ಕಿಂತ ಸರಳವಾದ, ಅಗ್ಗದ ಶುದ್ಧೀಕರಣ ಘಟಕ ಇನ್ನೊಂದಿಲ್ಲ. ಕರೆಂಟಿಲ್ಲ, ಮೋಟಾರಿಲ್ಲ, ಆಪರೇಟರಿಲ್ಲ.

ನಮ್ಮ ಜನ ಕಟ್ಟಿಸಿಕೊಂಡದ್ದು ಏನು? ಎಷ್ಟೋ ಕಡೆ ಒಂದೇ ಗುಂಡಿ, ಹನ್ನೆರಡು ಅಡಿ ಆಳ, ಸಿಮೆಂಟ್ ರಿಂಗ್ ಇಳಿಸಿದ್ದು. 'ನನ್ನ ಕಾಲಕ್ಕೆ ಸಾಕು, ಮಗನ ಕಾಲಕ್ಕೂ ಸಾಕು' ಅನ್ನುವ ಲೆಕ್ಕ. ಆಳ ಹೋದಷ್ಟೂ ಅಂತರ್ಜಲಕ್ಕೆ ಹತ್ತಿರ ಅನ್ನುವುದು ಹೊಳೆಯಲಿಲ್ಲ. ಸ್ವಲ್ಪ ಅನುಕೂಲಸ್ಥರು ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿ ಅದರ ಔಟ್‌ಲೆಟ್ ಪೈಪನ್ನು ರಾತ್ರೋರಾತ್ರಿ ಚರಂಡಿಗೆ ಕೊಟ್ಟುಬಿಟ್ಟರು. ಸೆಪ್ಟಿಕ್ ಟ್ಯಾಂಕಿನಿಂದ ಬರುವ ನೀರು ತಿಳಿಯಾಗಿ ಕಂಡರೂ ಅದರಲ್ಲಿ ರೋಗಾಣು, ಜಂತುಹುಳದ ಮೊಟ್ಟೆ ಎಲ್ಲ ಇರುತ್ತವೆ. ಒಂದು ಬೀದಿಯಲ್ಲಿ ಹತ್ತು ಮನೆಯ ಔಟ್‌ಲೆಟ್ ಸೇರಿದರೆ ಇಡೀ ಬೀದಿಯ ಬಚ್ಚಲ ನೀರು ಕಕ್ಕಸಿನ ನೀರೇ ಆಯಿತು. ಆಮೇಲೆ ಅದಕ್ಕೆ ಬಾಳೆ ಬುಡದ ಪರಿಹಾರ ನಡೆಯುವುದಿಲ್ಲ. ಚರಂಡಿ ಕಟ್ಟುವ ಮುಂಚೆ ಪಂಚಾಯಿತಿ ಒಂದು ತೀರ್ಮಾನ ಮಾಡುವುದಿದ್ದರೆ ಇದನ್ನು ಮಾಡಿ: ಶೌಚಾಲಯದ ಪೈಪು ಚರಂಡಿಗೆ ಇಲ್ಲ. ಔಟ್‌ಲೆಟ್ಟಿಗೆ ಮನೆಯ ಜಾಗದಲ್ಲೇ ಇಂಗುಗುಂಡಿ.

ಟ್ಯಾಂಕು ತುಂಬಿದಾಗ ಏನು ಅನ್ನುವ ಪ್ರಶ್ನೆ ಇದೆ. ಮನುಷ್ಯರನ್ನು ಇಳಿಸುವಂತಿಲ್ಲ. ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ಇದನ್ನು ನಿಷೇಧಿಸಿದೆ, ಇಳಿಸಿದವರಿಗೆ ಶಿಕ್ಷೆ ಇದೆ. ಸಾವಾದರೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಕಾಯ್ದೆ ಒತ್ತಟ್ಟಿಗಿರಲಿ. ಮುಚ್ಚಿದ ಗುಂಡಿಯಲ್ಲಿ ಕಟ್ಟಿಕೊಳ್ಳುವ ಅನಿಲ ಮನುಷ್ಯನನ್ನು ಎರಡು ಉಸಿರಿನಲ್ಲಿ ಕೆಡವುತ್ತದೆ. ಮೊದಲು ಇಳಿದವನನ್ನು ಎತ್ತಲು ಹೋದ ಇನ್ನೊಬ್ಬನೂ ಸಾಯುವುದು ಇದಕ್ಕೇ. ಸಕ್ಕಿಂಗ್ ಗಾಡಿ ತರಿಸಿ, ಬೇರೆ ದಾರಿಯಿಲ್ಲ.

ಆ ಗಾಡಿಯವರು ಹೀರಿದ್ದನ್ನು ಎಲ್ಲಿ ಸುರಿಯುತ್ತಾರೆ ಅಂತಲೂ ಕೇಳಿ. ಹಳ್ಳಕ್ಕೆ ಸುರಿದರೆ ನೀವು ದುಡ್ಡು ಕೊಟ್ಟದ್ದು ಸಮಸ್ಯೆಯನ್ನು ಎರಡು ಕಿಲೋಮೀಟರ್ ಸಾಗಿಸಲಿಕ್ಕೆ. ಇದಕ್ಕೆಂದೇ ದೇವನಹಳ್ಳಿಯಲ್ಲಿ 2015ರಲ್ಲಿ ಮಲ ತ್ಯಾಜ್ಯ ಸಂಸ್ಕರಣಾ ಘಟಕ ಮಾಡಿದರು, ದೇಶದಲ್ಲೇ ಮೊದಲ ಪಟ್ಟಣ ಮಟ್ಟದ ಘಟಕಗಳಲ್ಲಿ ಒಂದು. ಗಾಡಿ ಬಂದು ತೊಟ್ಟಿಗೆ ಸುರಿಯುತ್ತದೆ. ಅಲ್ಲಿಂದ ಎಲ್ಲವೂ ಇಳಿಜಾರಿನಲ್ಲೇ ಹರಿಯುತ್ತದೆ. ಗಟ್ಟಿ ಭಾಗ ಒಣಗುವ ಹಾಸಿಗೆ ಮೇಲೆ ಒಣಗಿ ಗೊಬ್ಬರದ ಕಡೆ ಹೋಗುತ್ತದೆ, ನೀರು ಬೇರೆ ದಾರಿಯಲ್ಲಿ ಶೋಧನೆಯಾಗುತ್ತದೆ. ಪ್ರತಿ ಪಂಚಾಯಿತಿಗೂ ಅಂಥದ್ದೊಂದು ಬೇಕಿಲ್ಲ. ಹತ್ತಿರದ ಪಟ್ಟಣದಲ್ಲಿ ಇದ್ದರೆ ಅದರ ಜೊತೆ ಒಪ್ಪಂದ ಮಾಡಿಕೊಳ್ಳಿ, ಸಾಕು.

ಗುಂಡಿ ಹಾಕಲಾಗದ ಮನೆಗಳು ಉಳಿದೇ ಉಳಿಯುತ್ತವೆ. ಹಿತ್ತಲಿಲ್ಲದ ಓಣಿಗಳು, ಎರೆ ಭೂಮಿ, ಬಂಡೆ ಇರುವ ಊರುಗಳು. ಅಲ್ಲಿ ಚರಂಡಿ ಬೇಕು, ಅದರ ತುದಿಯಲ್ಲಿ ಶುದ್ಧೀಕರಣ ಬೇಕು. ಆಗ ಯಾರೋ ಒಬ್ಬರು ಬಣ್ಣದ ಬ್ರೋಷರ್ ಹಿಡಿದು ಕೊಳಚೆ ನೀರು ಶುದ್ಧ ಮಾಡುವ ಘಟಕ, ಅಂದರೆ ಎಸ್‌ಟಿಪಿ ಮಾರಲು ಬರುತ್ತಾರೆ. ಗಾಳಿ ಊದುವ ಬ್ಲೋವರ್, ಪಂಪು, ಪ್ಯಾನಲ್ಲು. ಸಿಟಿ ಅಪಾರ್ಟ್‌ಮೆಂಟಿಗೆ ಅದು ಸರಿ. ಸಾವಿರ ಜನರ ಊರಿಗೆ ಬೇಡ ಅನ್ನುತ್ತೇನೆ. ಬೀದಿ ದೀಪದ ಕರೆಂಟ್ ಬಿಲ್ಲನ್ನೇ ಬಾಕಿ ಉಳಿಸಿಕೊಂಡಿರುವ ಪಂಚಾಯಿತಿ 24 ಗಂಟೆ ಬ್ಲೋವರ್ ಓಡಿಸುತ್ತದೆಯೇ? ಆ ಘಟಕದಲ್ಲಿ ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಗಾಳಿ ಬೇಕೇ ಬೇಕು. ಒಂದೆರಡು ದಿನ ಬ್ಲೋವರ್ ನಿಂತರೆ ಅವು ಸಾಯುತ್ತವೆ, ಮತ್ತೆ ಬೆಳೆಸಲು ವಾರಗಳೇ ಬೇಕು.

ಹಳ್ಳಿಗೆ ಹೊಂದುವುದು ಕೆರೆಯಂಥ ಹೊಂಡಗಳು. ಲೆಕ್ಕ ನೋಡಿ. ದಿನಕ್ಕೆ 40,000 ಲೀಟರ್, ಅಂದರೆ 40 ಘನ ಮೀಟರ್. ಹದಿನೈದು ದಿನ ನಿಲ್ಲಿಸಬೇಕಾದರೆ 600 ಘನ ಮೀಟರ್ ಜಾಗ ಬೇಕು. ಒಂದೂಕಾಲು ಮೀಟರ್ ಆಳ ಇಟ್ಟರೆ 480 ಚದರ ಮೀಟರ್, ಐದು ಗುಂಟೆಗೂ ಸ್ವಲ್ಪ ಕಡಿಮೆ. ಏರಿ, ಓಡಾಡುವ ದಾರಿ ಎಲ್ಲ ಸೇರಿ ಹತ್ತು ಗುಂಟೆ ಇದ್ದರೆ ಧಾರಾಳ. ಮೊದಲ ಹೊಂಡದಲ್ಲಿ ಕೆಸರು ತಳ ಸೇರುತ್ತದೆ. ಎರಡನೆಯದು ದೊಡ್ಡದು, ಹಸಿರಾಗಿರುತ್ತದೆ. ನೀರು ಹಸಿರಾಗಿದೆ ಅಂತ ಗಾಬರಿಯಾಗಬೇಡಿ, ಅದು ಪಾಚಿ. ಹಗಲಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ಅದನ್ನು ಉಸಿರಾಡಿಕೊಂಡು ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತದೆ. ಬ್ಲೋವರ್ ಮಾಡುವ ಕೆಲಸವನ್ನೇ ಇಲ್ಲಿ ಸೂರ್ಯ ಪುಕ್ಕಟೆ ಮಾಡುತ್ತಾನೆ. ಕೊನೆಯ ಹೊಂಡ ಆಳ ಕಡಿಮೆ, ಅಲ್ಲಿ ಬಿಸಿಲಿಗೆ ರೋಗಾಣುಗಳು ಸಾಯುತ್ತವೆ. ಹೊಂಡದ ಮೇಲೆ ನೆರಳು ಬೀಳಬಾರದು, ಅಂತರಗಂಗೆ ಕಟ್ಟಬಾರದು. ಜಾಗ ಕಡಿಮೆಯಿದ್ದರೆ ನೆಲದಡಿಯ ಅಡ್ಡಗೋಡೆಗಳ ತೊಟ್ಟಿ, ಆಮೇಲೆ ಜಲ್ಲಿ ಹಾಸಿಗೆಯಲ್ಲಿ ಕಾಬಾಳೆಯೋ ಜೊಂಡೋ ನೆಟ್ಟ ಮಾದರಿ ಇದೆ, ಡೀವಾಟ್ಸ್ ಅನ್ನುತ್ತಾರೆ. ಅದೂ ಕರೆಂಟಿಲ್ಲದೆ ನಡೆಯುತ್ತದೆ, ಆದರೆ ಕಟ್ಟುವ ಖರ್ಚು ಜಾಸ್ತಿ.

ದುಡ್ಡಿನ ವಿಚಾರಕ್ಕೆ ಬಂದರೆ, ಸ್ವಚ್ಛ ಭಾರತದ ಎರಡನೇ ಹಂತದಲ್ಲಿ ಬೂದು ನೀರಿಗೆ, ಅಂದರೆ ಬಚ್ಚಲು, ಅಡುಗೆಮನೆಯ ನೀರಿಗೆ ಇಟ್ಟದ್ದು 5,000 ಜನರವರೆಗಿನ ಹಳ್ಳಿಗಳಿಗೆ ತಲೆಗೆ 280 ರೂಪಾಯಿವರೆಗೆ, ಅದಕ್ಕಿಂತ ದೊಡ್ಡ ಊರಿಗೆ 660 ರೂಪಾಯಿವರೆಗೆ. ಸಾವಿರ ಜನರ ಊರಿಗೆ 2.8 ಲಕ್ಷ ಆಯಿತು. ಇದರಲ್ಲಿ ಯಂತ್ರ ಬರುವುದಿಲ್ಲ. ಗುಂಡಿ, ಕಾಲುವೆ, ಹೊಂಡ ಬರುತ್ತದೆ, ಅದೂ ಕೂಲಿ ಬೇರೆ ಯೋಜನೆಯಿಂದ ಸಿಕ್ಕರೆ. ಇದ್ದ ಜಾಗದಲ್ಲೇ ಸರಳ ಕೆಲಸ ಮಾಡಿ ಅಂತ ದುಡ್ಡೇ ಹೇಳುತ್ತಿದೆ.

ಪಂಜಾಬಿನ ಸೀಚೇವಾಲ್ ಅನ್ನುವ ಊರಿನ ಕಥೆ ಕೆಲವರು ಕೇಳಿರಬಹುದು. ಸಂತ ಬಲಬೀರ್ ಸಿಂಗ್ ಸೀಚೇವಾಲ್ 2000ದಲ್ಲಿ ಜನರನ್ನು ಕಟ್ಟಿಕೊಂಡು ಕಾಳಿ ಬೇಈ ಅನ್ನುವ ಹೊಳೆಯನ್ನು ಚೊಕ್ಕ ಮಾಡಲು ಇಳಿದವರು. 2017ರಲ್ಲಿ ಪದ್ಮಶ್ರೀ ಬಂತು. ಹೊಳೆ ಚೊಕ್ಕ ಮಾಡುತ್ತಾ ಹೋದ ಹಾಗೆ ಅವರಿಗೆ ಗೊತ್ತಾದದ್ದು, ಹೊಳೆಗೆ ಬರುವ ಊರುಗಳ ನೀರನ್ನು ನಿಲ್ಲಿಸದೆ ಉಪಯೋಗವಿಲ್ಲ ಅಂತ. ಅಲ್ಲಿ ಊರ ನೀರು ಮೊದಲು ಸಾಲು ಬಾವಿಯಂಥ ತೊಟ್ಟಿಗಳಲ್ಲಿ ಕಸ, ಜಿಡ್ಡು ಬಿಟ್ಟು, ಆಮೇಲೆ ಹೊಂಡದಲ್ಲಿ ನಿಂತು, ಕೊನೆಗೆ ಪೈಪಿನಲ್ಲಿ ಹೊಲಕ್ಕೆ ಹೋಗುತ್ತದೆ. ಹೊಸ ತಂತ್ರಜ್ಞಾನ ಅನ್ನುವಂಥದ್ದು ಅದರಲ್ಲಿ ಏನೂ ಇಲ್ಲ. ಕೊನೆಯಲ್ಲಿ ನೀರು ಬೇಕು ಅನ್ನುವ ರೈತ ಇದ್ದಾನೆ. ಅವನಿಗೆ ನೀರು ಬರದಿದ್ದರೆ ಅವನೇ ಬಂದು ಕೇಳುತ್ತಾನೆ, ಹಾಗಾಗಿ ವ್ಯವಸ್ಥೆ ಓಡುತ್ತದೆ.

ನಮ್ಮಲ್ಲೇ ನೋಡಿ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದರ ಗುಣಮಟ್ಟದ ಬಗ್ಗೆ ತಕರಾರು ಇದೆ, ಕೋರ್ಟಿಗೂ ಹೋಯಿತು. ಅದು ಬೇರೆಯೇ ಚರ್ಚೆ. ನನಗೆ ವಿಚಿತ್ರ ಅನ್ನಿಸುವುದು ಇದು: ರಾಜಧಾನಿಯ ಕೊಳಚೆಗೆ ಅಷ್ಟು ದೂರದ ಪೈಪು ಹಾಕುವಷ್ಟು ಬೆಲೆ ಇದೆ, ಅದೇ ಕೆರೆ ದಂಡೆಯ ಊರಿನ ಸ್ವಂತ ಬಚ್ಚಲ ನೀರಿಗೆ ಮಾತ್ರ ಬೆಲೆಯಿಲ್ಲ.

ಇಷ್ಟು ನನ್ನ ಮಾತು. ಈಗ ನೀವು ಕೇಳಿ.

ಒಬ್ಬ ಸದಸ್ಯೆ ಕೇಳಿದರು: "ಸಾರ್, ಸೋಪಿನ ನೀರಲ್ಲಿ ತರಕಾರಿ ಬೆಳೆಯಬಹುದಾ?"

ಬಾಳೆ, ತೆಂಗು, ನುಗ್ಗೆ, ಪಪ್ಪಾಯಿ, ಮೇವಿನ ಹುಲ್ಲು ಇವಕ್ಕೆ ಧಾರಾಳವಾಗಿ ಬಿಡಿ ಅಮ್ಮ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಸೌತೆಗೆ ಬೇಡ. ನೀರು ಎಲೆ ಮೇಲೆ ಬೀಳದಂತೆ ಬುಡಕ್ಕೇ ಹೋಗಲಿ. ಬಟ್ಟೆ ಒಗೆದ ನೀರಲ್ಲಿ ಸೋಡಾ ಇರುತ್ತದೆ, ಒಂದೇ ಜಾಗಕ್ಕೆ ವರ್ಷಗಟ್ಟಲೆ ಬಿಟ್ಟರೆ ಮಣ್ಣು ಚೌಳಾಗಿ ಗಟ್ಟಿಯಾಗುತ್ತದೆ. ಪಾತಿ ಬದಲಾಯಿಸುತ್ತಾ ಇರಿ. ಮಳೆ ಬಂದರೆ ಸ್ವಲ್ಪ ತೊಳೆದುಹೋಗುತ್ತದೆ.

ಒಬ್ಬ ಪಿಡಿಓ ಕೇಳಿದ್ದು: "ಕಟ್ಟುವುದಕ್ಕೆ ಅನುದಾನ ಬರುತ್ತದೆ. ಚೊಕ್ಕ ಮಾಡುವವರಿಗೆ ಸಂಬಳ ಎಲ್ಲಿಂದ ಕೊಡುವುದು?"

ಇವತ್ತಿನ ಸರಿಯಾದ ಪ್ರಶ್ನೆ ಇದು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು, ಅದರಲ್ಲಿ ನಿರ್ವಹಣೆಗೂ ಅವಕಾಶ ಇತ್ತು. ನಾವು ಅದನ್ನೂ ಕಾಂಕ್ರೀಟಿಗೇ ಹಾಕಿದೆವು. ಎಸ್ಟಿಮೇಟ್ ಬರೆಯುವಾಗಲೇ ಐದು ವರ್ಷದ ನಿರ್ವಹಣೆ ಖರ್ಚನ್ನು ಪಕ್ಕದಲ್ಲಿ ಬರೆಯಿರಿ. ಅದು ನಿಮ್ಮ ಕೈಗೆ ನಿಲುಕದಿದ್ದರೆ ಆ ಕಾಮಗಾರಿ ಬೇಡ, ಚಿಕ್ಕದು ಮಾಡಿ. ಮತ್ತು ಗ್ಲೌಸು, ಬೂಟು, ಉದ್ದ ಹಿಡಿಯ ಸಲಿಕೆ ಇವುಗಳ ದುಡ್ಡನ್ನು ಸಾದಿಲ್ವಾರಿನಲ್ಲಿ, ಅಂದರೆ ಚಿಲ್ಲರೆ ಖರ್ಚಿನಲ್ಲಿ ನೋಡೋಣ ಅನ್ನಬೇಡಿ, ಪಟ್ಟಿಯಲ್ಲಿ ಮೊದಲೇ ಬರೆಯಿರಿ.

ಹಿಂದಿನ ಸಾಲಿನಿಂದ ಒಬ್ಬರು: "ಹೊಂಡಕ್ಕೆ ಜಾಗವೇ ಇಲ್ಲ. ಗೋಮಾಳ ಎಲ್ಲ ಒತ್ತುವರಿ. ಕೆರೆ ಅಂಗಳದಲ್ಲೇ ಮಾಡಿದರೆ ಆಗಲ್ವಾ?"

ಕೆರೆ ಅಂಗಳ ಬೇಡ. ದೊಡ್ಡ ಮಳೆ ಬಂದ ವರ್ಷ ಕೆರೆ ನೀರೂ ಹೊಂಡದ ನೀರೂ ಒಂದಾಗುತ್ತವೆ. ನಾನಾದರೆ ಚರಂಡಿ ಬೀಳುವ ಕಡೆ ಜಮೀನು ಇರುವ ರೈತರ ಹತ್ತಿರ ಹೋಗುತ್ತೇನೆ. ಹುಬ್ಬಳ್ಳಿ ಧಾರವಾಡದ ಸುತ್ತ ಕೊಳಚೆ ನಾಲೆಯ ನೀರೆತ್ತಿ ದಶಕಗಳಿಂದ ಬೇಸಾಯ ಮಾಡಿದವರಿದ್ದಾರೆ. ಸಂಸ್ಕರಿಸದ ನೀರು ಅದು, ಮಾಡಬಾರದಿತ್ತು. ಆದರೆ ನೀರಿಗೆ ಗಿರಾಕಿ ಇದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಅಂಥ ರೈತರಿಗೆ ಹೇಳಿ: ಹತ್ತು ಗುಂಟೆ ಬಿಟ್ಟುಕೊಡಿ, ಹೊಂಡ ಪಂಚಾಯಿತಿ ತೋಡುತ್ತದೆ, ಶೋಧಿಸಿದ ನೀರು ವರ್ಷವಿಡೀ ನಿಮ್ಮದು. ಎಲ್ಲವನ್ನೂ ಬರಹದಲ್ಲಿ ಮಾಡಿಕೊಳ್ಳಿ. ಸಾಮಾನ್ಯ ಸಭೆಯಲ್ಲಿ ನಿರ್ಣಯ ಮಾಡಿ, ಎಷ್ಟು ವರ್ಷಕ್ಕೆ ಅಂತ ಬರೆಯಿರಿ, ಅಣ್ಣತಮ್ಮಂದಿರ ಸಹಿಯನ್ನೂ ಹಾಕಿಸಿ. ಒಂದು ವಿಷಯ ಮಾತ್ರ ನೆನಪಿಡಿ, ಜುಲೈನಲ್ಲಿ ಹೋಗಿ ಕೇಳಬೇಡಿ. ಮಾರ್ಚಿನಲ್ಲಿ, ಬೋರಿನಲ್ಲಿ ಗಾಳಿ ಬರುತ್ತಿರುವಾಗ ಹೋಗಿ ಕೇಳಿ.